ಹುಣಸೆಹಣ್ಣು ಹಚ್ಚಿ ಬೆಳಗಿದ ಜಪಾನಿನ ಕೊಕ್ಕರೆ

ಭೀಮನಬೀಡಿನ ಗುರುಮಲ್ಲಯ್ಯನ ಬಗ್ಗೆ ನಾನು ಈಗಾಗಲೇ ಎರಡು ಸಲ ಬರೆದಿದ್ದೇನೆ. ಮೊದಲನೆಯದರಲ್ಲಿ ಅವನನ್ನು ಕಳ್ಳ ಅಂದೆ. ಎರಡನೆಯದರಲ್ಲಿ ನನ್ನನ್ನು ಕತ್ತೆ ಅಂದುಕೊಂಡೆ. ಎರಡೂ ಒಂದೇ ಪುಟದಲ್ಲಿ, ಒಂದೇ ಗಾತ್ರದ ಅಕ್ಷರಗಳಲ್ಲಿ ಅಚ್ಚಾದವು. ಅದು ನನ್ನ ದೊಡ್ಡತನವಲ್ಲ, ಅವನು ಹಾಕಿದ ಷರತ್ತು. ಎರಡರಲ್ಲೂ ನನ್ನ ಸಿಟ್ಟೇ ಜಾಗವನ್ನೆಲ್ಲ ತಿಂದು, ಮನುಷ್ಯ ಮೂಲೆಯಲ್ಲಿ ನಿಂತುಬಿಟ್ಟಿದ್ದ. ಅದಕ್ಕೇ ಇದು ಮೂರನೆಯದು.

ವಯಸ್ಸಿನಲ್ಲಿ ತಂದೆಯಂಥವನನ್ನು ಏಕವಚನದಲ್ಲಿ ಕರೆಯುತ್ತೀಯಲ್ಲ ಎಂದು ಬೈಯುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಎರಡನೇ ಸಲ ‘ಗುರುಮಲ್ಲಯ್ಯನವರು’ ಎಂದು ಬರೆದಿದ್ದೆ. ಅದನ್ನು ಓದಿಸಿಕೊಂಡು ಕೇಳಿದವನು, “ಅವರು ಇವರು ಬ್ಯಾಡ ಕನಪ್ಪ, ನಾಕು ಜನ ಒಟ್ಗೆ ಬಂದಂಗಾಯ್ತದೆ” ಅಂದ. ಆದ್ದರಿಂದ ‘ಅವನು’.

ಇನ್ನು ನಾನು. ತೊಂಬತ್ತೈದನೇ ಇಸವಿಯಲ್ಲಿ ಗುಂಡ್ಲುಪೇಟೆ ಬಸ್ ನಿಲ್ದಾಣದ ಎದುರು ಸ್ಟೌ ಮತ್ತು ಗ್ಯಾಸ್‌ಲೈಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಮಂಟೇಸ್ವಾಮಿ. ಏಳನೇ ಕ್ಲಾಸು ಮುಗಿಸಿರಲಿಲ್ಲ. ಮಿಕ್ಕ ವಿದ್ಯೆಯೆಲ್ಲ ಕಡಲೆಕಾಯಿ ಕಟ್ಟಿಕೊಟ್ಟ ಕಾಗದಗಳಿಂದ ಬಂದದ್ದು. ಹಾಗಾಗಿ ಯಾವ ವಿಷಯದಲ್ಲೂ ನನಗೆ ಮೊದಲೂ ಗೊತ್ತಿಲ್ಲ, ಕೊನೆಯೂ ಗೊತ್ತಿಲ್ಲ, ನಡುವಿನ ಒಂದು ಪುಟ ಮಾತ್ರ ಚೆನ್ನಾಗಿ ಗೊತ್ತು. ಇಷ್ಟು ಬಂಡವಾಳದ ಮೇಲೆ ನಾಗಯ್ಯನ ‘ಗಡಿ ಗುಡುಗು’ ವಾರಪತ್ರಿಕೆಯಲ್ಲಿ ‘ಸುಡುಮಾತು’ ಎಂಬ ಅಂಕಣ ಬರೆಯುತ್ತಿದ್ದೆ. ನಾಗಯ್ಯನದು ಕಾಲಲ್ಲಿ ತುಳಿಯುವ ಪ್ರೆಸ್ಸು. ಮದುವೆ ಕಾಲದಲ್ಲಿ ಲಗ್ನಪತ್ರಿಕೆ ಮುಗಿದ ಮೇಲೆ ಗುಡುಗು. ನನ್ನ ಅಂಕಣದಲ್ಲಿ ಚರಂಡಿ, ರೇಷನ್ ಸೀಮೆಎಣ್ಣೆ, ಈರುಳ್ಳಿ ತೂಕದಲ್ಲಿ ಹೊಡೆಯುವ ದಲ್ಲಾಳಿ ಇವರೆಲ್ಲ ವಾರವಾರ ಸುಟ್ಟು ಬೂದಿಯಾಗುತ್ತಿದ್ದರು, ಮುಂದಿನ ವಾರ ಮತ್ತೆ ಹಾಗೇ ಇರುತ್ತಿದ್ದರು.

“ಚರಂಡಿ ಬುಟ್ಟು ಬೇರೆ ಏನಾರ ಬರಿಯಲಾ ಮಂಟ” ಎಂದು ನಾಗಯ್ಯ ಒಂದು ದಿನ ಅಂದ. “ನಿನ್ನ ಪೇಜು ಓದುದ್ರೆ ಮೂಗು ಮುಚ್ಕಬೇಕು ಅಂತಾವ್ರೆ ಜನ.”

ಆ ಮಾತು ನನಗೆ ನಾಟಿತು. ದೊಡ್ಡದೇನಾದರೂ ಸಿಕ್ಕಲಿ ಎಂದು ಕಾಯುತ್ತಿದ್ದೆ. ಕಾಯುವವನಿಗೆ ಕಾಣುವುದೆಲ್ಲ ದೊಡ್ಡದೇ.

ಆ ಬೇಸಿಗೆಯಲ್ಲಿ ಭೀಮನಬೀಡಿನ ನಮ್ಮವರ ಬೀದಿಯಿಂದ ಕರೆ ಬಂತು. ಮದುವೆಗೆ ಮುಂಚೆ ಬೀದಿಯ ಗ್ಯಾಸ್‌ಲೈಟುಗಳನ್ನು ಸರಿಮಾಡಿಕೊಡಬೇಕಾಗಿತ್ತು. ಆ ಲೈಟುಗಳಿದ್ದದ್ದು ಪಾತ್ರೆ ಕೋಣೆಯಲ್ಲಿ. ಪಾತ್ರೆ ಕೋಣೆ ಅಂದರೆ ಬೀದಿಯ ನಡುವೆ ಒಂದೇ ಬಾಗಿಲಿನ ಹೆಂಚಿನ ಕೋಣೆ. ಒಂದು ಕಾಲದಲ್ಲಿ ನಮ್ಮ ಬೀದಿಯ ಮದುವೆಗೆ ಊರಿನವರು ಬಾಡಿಗೆಗೂ ಪಾತ್ರೆ ಕೊಡುತ್ತಿರಲಿಲ್ಲ. ನಮ್ಮ ಅನ್ನ ಬೆಂದ ಪಾತ್ರೆ ಅವರಿಗೆ ವಾಪಸ್ ಹೋಗುವಂತಿರಲಿಲ್ಲ. ಆಗ ಗೂಡಲೂರಿನ ಟೀ ಎಸ್ಟೇಟಿನ ದೊರೆಯ ಬಂಗಲೆಯಲ್ಲಿ ಕೆಲಸಕ್ಕಿದ್ದ ಗುರುಮಲ್ಲಯ್ಯ ತನ್ನ ಸಂಬಳದಲ್ಲಿ ಒಂದು ತಾಮ್ರದ ಕೊಪ್ಪರಿಗೆ ಕೊಂಡು, ಬಂಡೀಪುರದ ಕಾಡು ದಾಟಿ ಲಾರಿಯ ಮೇಲೆ ಹಾಕಿಕೊಂಡು ಬಂದನಂತೆ. ಅದರ ಹಿಂದೆ ಒಬ್ಬೊಬ್ಬರೂ ಒಂದೊಂದು ಕೊಟ್ಟು ಕೋಣೆ ತುಂಬಿತು. ಅವನು ಎಸ್ಟೇಟು ಬಿಟ್ಟು ಊರಿಗೆ ಬಂದ ದಿನವೇ ಬೀದಿಯವರು ಕೋಣೆಯ ಬೀಗದ ಕೈಯನ್ನು ಅವನಿಗೆ ಕೊಟ್ಟರು. ಉಡಿದಾರಕ್ಕೆ ಕಟ್ಟಿಕೊಂಡದ್ದನ್ನು ಇಪ್ಪತ್ತು ವರ್ಷ ಬಿಚ್ಚಿರಲಿಲ್ಲ.

ನಾನು ಹೋದಾಗ ಅವನು ಕೋಣೆಯ ಹೊಸ್ತಿಲಲ್ಲಿ ಕೂತು, ಒಂದು ಹಿತ್ತಾಳೆ ಹಂಡೆಯನ್ನು ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಮುಂದೆ ನಿಂತಿದ್ದವಳು ಪಕ್ಕದ ಮನೆಯ ಕುಮಾರಿ, ನಾಮಕರಣಕ್ಕೆ ಒಯ್ದದ್ದನ್ನು ವಾಪಸ್ ತಂದಿದ್ದಳು.

“ಇದೇನ್ ಕಣಮ್ಮಿ, ನನ್ನ ಮೊಕ ಕಾಣ್ತಾನೇ ಇಲ್ವಲ್ಲ ಇದ್ರಲ್ಲಿ?”

“ನಿನ್ನ ಮೊಕ ಕಂಡು ಯಾರಿಗೇನಾಗ್ಬೇಕು ತಾತ? ಮನೇಲಿ ಕನ್ನಡಿ ಇಲ್ವ?”

“ಕನ್ನಡಿ ಸುಳ್ಳೇಳ್ತದೆ, ಹಂಡೆ ಏಳಲ್ಲ. ಓಗು, ವಸಿ ಹುಣಸೆಹಣ್ಣು ತಕ್ಕಬಂದು ಇನ್ನೊಂದ್ಸಲ ಉಜ್ಜು.”

ಅದು ಆ ಕೋಣೆಯ ಕಾನೂನು. ಮುಖ ಕಾಣುವ ಹಾಗೆ ಬೆಳಗಿ ತಂದರೆ ಮಾತ್ರ ಪಾತ್ರೆ ಒಳಕ್ಕೆ. ಬೀದಿಯ ಯಜಮಾನ ರಾಚಯ್ಯನ ಮನೆಯದಾದರೂ ಅಷ್ಟೇ.

ಕೆಲಸ ಮುಗಿದ ಮೇಲೆ ಗುರುಮಲ್ಲಯ್ಯ ನನ್ನನ್ನು ಮನೆಗೆ ಕರೆದುಕೊಂಡು ಹೋಗಿ ಟೀ ಕೊಟ್ಟ. ಬಂಗಲೆಯ ಅಭ್ಯಾಸ, ಕಪ್ಪಿನ ಕೆಳಗೆ ಸಾಸರು. ಟೀ ಕುಡಿಯುತ್ತ ಗೋಡೆಯ ಗೂಡಿನ ಕಡೆ ನೋಡಿದೆ. ಅಲ್ಲಿ ಮೊಳದೆತ್ತರದ ಒಂದು ಕಪ್ಪು ವಸ್ತುವಿತ್ತು. ಹತ್ತಿರ ಹೋದೆ. ಆಮೆ, ಆಮೆಯ ಬೆನ್ನ ಮೇಲೆ ಒಂಟಿಕಾಲಿನಲ್ಲಿ ನಿಂತ ಕೊಕ್ಕರೆ. ಅದು ಕತ್ತನ್ನು ಉದ್ದ ಮಾಡಿ, ಕೊಕ್ಕಿನಲ್ಲಿ ಒಂದು ತಾವರೆ ದಂಟು ಕಚ್ಚಿಕೊಂಡಿತ್ತು. ದಂಟಿನ ತುದಿಯ ಎಲೆಯ ಮೇಲೆ ಮೇಣದಬತ್ತಿ ಚುಚ್ಚುವ ಮೊಳೆ. ರೆಕ್ಕೆಯ ಒಂದೊಂದು ಗರಿಗೂ ಕೂದಲೆಳೆಯಂಥ ಗೀರು. ಕಣ್ಣಿನಲ್ಲಿ ಸಾಸಿವೆಯಷ್ಟು ಚಿನ್ನ. ಮೈಯೆಲ್ಲ ಬಲಿತ ನೇರಳೆಹಣ್ಣಿನ ಕಪ್ಪು.

“ಇದೆಲ್ಲಿದು ತಾತ?”

“ಬಂಗ್ಲೇದು ಕನಪ್ಪ. ದೊರೆಸಾನಿ ಸೀಮೆಗೆ ಓಗೋವಾಗ ಕೊಟ್ರು.”

“ಯಾಕ್ ಕೊಟ್ರು?”

“ಕೊಡಬೇಕು ಅನ್ನಿಸ್ತು, ಕೊಟ್ರು. ಯಾಕ್ಲಾ, ನಿಂಗೆ ಯಾರೂ ಇದುವರ್ಗೂ ಏನೂ ಕೊಟ್ಟಿಲ್ವ?”

ಒಬ್ಬ ಮನುಷ್ಯ ನಿಜ ಹೇಳಿದ್ದ. ನನ್ನ ತಲೆಯಲ್ಲಿ ಆಗಲೇ ಇನ್ನೊಂದು ಚಕ್ರ ತಿರುಗುತ್ತಿತ್ತು. ಹಳೆಯ ದೇವಸ್ಥಾನಗಳಿಂದ ವಿಗ್ರಹ ಕದ್ದು ಹೊರದೇಶಕ್ಕೆ ಸಾಗಿಸುತ್ತಾರೆ ಎಂಬ ಸುದ್ದಿ ಪೇಪರುಗಳಲ್ಲಿ ಬರುತ್ತಿದ್ದ ಕಾಲ. ದೇವಸ್ಥಾನದ ನೆಲದಲ್ಲಿ ಕಲ್ಲಿನ ಆಮೆ ಇರುತ್ತದೆ ಎಂಬುದು ನನಗೆ ಗೊತ್ತಿದ್ದ ಆ ಒಂದು ಪುಟ. ಆಮೆ ಇದ್ದರೆ ದೇವಸ್ಥಾನ, ದೇವಸ್ಥಾನ ಇದ್ದರೆ ಕಳ್ಳತನ. ಕೊಕ್ಕರೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಹಂಸ ಅಂದರಾಯಿತು. ಮಿಕ್ಕದ್ದಕ್ಕೆ ನನ್ನದೇ ತರ್ಕ: ಬೀದಿಯ ಹಂಡೆಯಲ್ಲಿ ಮುಖ ಕಾಣಬೇಕು ಅನ್ನುವ ಮನುಷ್ಯ ತನ್ನ ಮನೆಯ ವಿಗ್ರಹವನ್ನು ಹೀಗೆ ಮಸಿ ಹಿಡಿಸಿ ಇಟ್ಟಿದ್ದಾನೆ ಅಂದರೆ, ಏನನ್ನೋ ಮುಚ್ಚಿಡುತ್ತಿದ್ದಾನೆ. ಈ ತರ್ಕ ಹೊಳೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಲು ಕೈ ಎಟಕಲಿಲ್ಲ, ಅಷ್ಟೇ.

“ಪೇಪರಿಗೆ ಒಂದು ಫೋಟೋ ತಗೀತೀನಿ, ಎರಡು ದಿನಕ್ಕೆ ಕೊಡಿ” ಎಂದೆ. ಯಾವ ಪೇಪರು ಎಂದು ಹೇಳಿದೆ, ಯಾಕೆ ಎಂದು ಹೇಳಲಿಲ್ಲ.

ಅವನಿಗೆ ಖುಷಿಯಾಯಿತು. ಅದನ್ನು ತನ್ನ ತೊಳೆದ ಟವಲಿನಲ್ಲಿ ಕೂಸಿನಂತೆ ಸುತ್ತಿ ಕೊಟ್ಟ. “ನೀರು ಗೀರು ತಾಗಿಸ್ಬ್ಯಾಡ ಕನಪ್ಪ. ಧೂಳಿದ್ರೆ ಒಣಬಟ್ಟೇಲಿ ಒರಸ್ಬುಡು, ಸಾಕು.”

ಕೇಳಿಸಿಕೊಂಡೆ. ಕಿವಿ ನನ್ನದೇ, ಅದು ಕಿವುಡಲ್ಲ.

ಗುಂಡ್ಲುಪೇಟೆಯ ಸ್ಟುಡಿಯೋದವನು ಮೂರು ಫೋಟೋ ತೆಗೆದ. ಮೂರರಲ್ಲೂ ಬಂದದ್ದು ಕಪ್ಪು ಪರದೆಯ ಮುಂದೆ ಒಂದು ಕಪ್ಪು ಸೊಟ್ಟ ಕೋಲು. ನಾಗಯ್ಯ ನೋಡಿ, “ಇದೇನ್ಲಾ, ಸುಟ್ಟ ಸೌದೆ ಫೋಟೋ ಆಕ್ಕಂಡು ವಿಗ್ರಹ ಅಂತ ಬರೀತೀಯ?” ಅಂದ. ಹೊಳೆಯಬೇಕು, ಗರಿ ಎದ್ದು ಕಾಣಬೇಕು. ಇಪ್ಪತ್ತು ವರ್ಷ ಹಿತ್ತಾಳೆ ಸ್ಟೌ ಉಜ್ಜಿದವನಿಗೆ ದಾರಿ ಕೇಳಬೇಕೇ? ನಮ್ಮ ಕಡೆ ಕಪ್ಪಾದ ಲೋಹ ಅಂದರೆ ಕೊಳೆಯಾದ ಲೋಹ. ಅದಕ್ಕೆ ಬೇರೆ ಅರ್ಥವೇ ಇಲ್ಲ. ಅದನ್ನು ನೇರವಾಗಿ ಪುಟ್ಟಮಾದಮ್ಮನ ಹತ್ತಿರ ಒಯ್ದೆ.

ಪುಟ್ಟಮಾದಮ್ಮ ಬಸ್ ನಿಲ್ದಾಣದ ಹಿಂದಿನ ಛತ್ರದಲ್ಲಿ ಪಾತ್ರೆ ಬೆಳಗುವವಳು. ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು ಇವಿಷ್ಟು ಅವಳ ಕೈಗೆ ಸಿಕ್ಕರೆ ಎಂಥ ಹಳೆಯ ಹಿತ್ತಾಳೆಯೂ ಮದುಮಗಳಾಗುತ್ತಿತ್ತು. ಕೊಕ್ಕರೆಯನ್ನು ಒಮ್ಮೆ ಅಡಿಮೇಲು ಮಾಡಿ ನೋಡಿದಳು.

“ಆಮೆ ಹೊಟ್ಟೆ ಕೆಳಗೆ ಚೀಟಿ ಅಂಟ್ಸವ್ರೆ ಕನಣ್ಣ. ಇಂಗ್ಲಿಷು. ಏನ್ ಬರದದೆ ನೋಡು.”

ಹಳದಿಯಾದ ಕಾಗದ, ನೀಲಿ ಇಂಕು, ಒಂದೂವರೆ ಸಾಲು ಬರಹ. ನಾನು ಅದನ್ನು ಬೆಳಕಿಗೆ ಹಿಡಿದೆ, ಕಣ್ಣು ಕಿರಿದು ಮಾಡಿದೆ, ಹುಬ್ಬು ಗಂಟಿಕ್ಕಿದೆ. ಇಂಗ್ಲಿಷ್ ಓದುವವರು ಮಾಡುವುದನ್ನೆಲ್ಲ ಮಾಡಿದೆ, ಓದುವುದೊಂದನ್ನು ಬಿಟ್ಟು. ನನಗೆ ಇಂಗ್ಲಿಷ್ ಬರುವುದಿಲ್ಲ. ಅಂಗಡಿಗೆ ಬರುವ ಇಂಗ್ಲಿಷ್ ಪೇಪರನ್ನು ದಿನಾ ಅರ್ಧ ಗಂಟೆ ಹಿಡಿದು ಕೂರುತ್ತಿದ್ದೆ, ಎದುರಿನ ಹೋಟೆಲಿನವರಿಗೆ ಕಾಣುವ ಹಾಗೆ.

“ಅಂಗಡಿಯೋರ ಬೆಲೆ ಚೀಟಿ” ಅಂದೆ. “ಉಜ್ಜು.”

ಅವಳು ಉಜ್ಜಿದಳು.

ಬಿಸಿಲಿಗೆ ಇಟ್ಟಾಗ ಕೊಕ್ಕರೆ ಉರಿಯುತ್ತಿತ್ತು. ಆಮೆಯ ಹೊಟ್ಟೆಯ ಕೆಳಗೆ, ಚೀಟಿಯಿದ್ದ ಜಾಗದ ಪಕ್ಕದಲ್ಲಿ, ಉಳಿಯಲ್ಲಿ ಕೆತ್ತಿದ ಐದು ಅಕ್ಷರ ಕಂಡವು. ಕನ್ನಡವಲ್ಲ, ತಮಿಳಲ್ಲ, ಮಲಯಾಳವೂ ಅಲ್ಲ. ನನಗೆ ಓದಲು ಬಾರದ್ದು ಹಳೆಯದಾಗಿರಲೇಬೇಕು. ಅಲ್ಲೇ ನಿಂತು ‘ಗಂಗರ ಕಾಲದ ಶಾಸನ’ ಎಂದು ತೀರ್ಮಾನ ಮಾಡಿದೆ.

ಶುಕ್ರವಾರದ ‘ಗಡಿ ಗುಡುಗು’ವಿನಲ್ಲಿ ಅರ್ಧ ಪುಟ, ನಡುವೆ ಫೋಟೋ, ‘ಆಮೆಯ ಬೆನ್ನೇರಿ ಕಾಡು ದಾಟಿದ ನಮ್ಮ ದೇವರು’ ಎಂಬ ತಲೆಬರಹ. ಹೆಸರು ಹಾಕಲಿಲ್ಲ. ಅದು ನನ್ನ ಸಭ್ಯತೆ. ‘ಭೀಮನಬೀಡಿನ ಒಂದು ಬೀದಿಯಲ್ಲಿ ಎಲ್ಲರ ಪಾತ್ರೆಗೆ ಬೀಗ ಹಾಕಿಕೊಂಡು ಕೂತ, ಎಸ್ಟೇಟು ಬಂಗಲೆಯಲ್ಲಿ ಪಳಗಿದ ಒಬ್ಬ ಮುದುಕ’ ಎಂದಷ್ಟೇ ಬರೆದೆ. ಮನೆಯ ಬಾಗಿಲ ಬಣ್ಣ ಮಾತ್ರ ಬಿಟ್ಟುಹೋಗಿತ್ತು.

ಆ ವಾರ ಪೇಪರು ಪೂರ್ತಿ ಖರ್ಚಾಯಿತು. ಹೋಟೆಲಿನವರು ನನ್ನ ಟೀಗೆ ಸಕ್ಕರೆ ಜಾಸ್ತಿ ಹಾಕಿದರು. ಒಬ್ಬ ಪೊಲೀಸಿನವನು ಭೀಮನಬೀಡಿಗೆ ಹೋಗಿ ಬೀದಿಯ ನಡುವೆ ಸೈಕಲ್ ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ ಎರಡು ಪ್ರಶ್ನೆ ಕೇಳಿ ಬಂದ. ಸೋಮವಾರ ಗುರುಮಲ್ಲಯ್ಯ ನನ್ನ ಅಂಗಡಿಗೆ ಬಂದ.

ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತ. ಸ್ಟೌಗಳ ನಡುವೆ ಹೊಳೆಯುತ್ತ ನಿಂತಿದ್ದ ಕೊಕ್ಕರೆಯನ್ನು ಮೊದಲು ಗುರುತೇ ಹಿಡಿಯಲಿಲ್ಲ. ಗುರುತು ಸಿಕ್ಕ ಮೇಲೆ ಎತ್ತಿಕೊಂಡು, ಬೆರಳಿನಿಂದ ರೆಕ್ಕೆ ಸವರಿದ. ಇಟ್ಟಿಗೆ ಪುಡಿಗೆ ಗರಿಯ ಗೀರುಗಳು ಸವೆದುಹೋಗಿದ್ದವು. ಆಮೇಲೆ ತಲೆಕೆಳಗು ಮಾಡಿದ.

“ಚೀಟಿ ಎಲ್ಲಪ್ಪ?”

“ಯಾವ ಚೀಟಿ?” ಅಂದೆ.

ಬರೆದು ಆಡಿದ ಸುಳ್ಳು ನನಗೆ ಗೊತ್ತಿಲ್ಲದೆ ಆಡಿದ್ದು. ಇದು ಗೊತ್ತಿದ್ದು ಆಡಿದ್ದು, ಎರಡೇ ಶಬ್ದ.

ಅವನು ನನ್ನ ಮುಖ ನೋಡಿದ, ಹಂಡೆ ನೋಡುವ ಹಾಗೆ. “ಮೂವತ್ತೊಂದು ವರ್ಸ ಬಂಗ್ಲೆ ಬೀಗದ ಕೈ ಇಟ್ಕಂಡಿದ್ದೆ ಕನಪ್ಪ” ಅಂದ. “ಒಂದು ಚಮ್ಚ ಆಚೀಚೆ ಆಗ್ಲಿಲ್ಲ. ನೆನ್ನೆ ರಾಚಯ್ಯ ಬೀದಿಯೋರ್ನ ಕೂರುಸ್ಕಂಡು, ಪೇಪರ್ನಲ್ಲಿ ಬಂದದೆ, ಇತ್ಯರ್ಥ ಆಗೋಗಂಟ ಬೀಗದ ಕೈ ನಮ್ಮತ್ರ ಇರ್ಲಿ ಅಂದ. ಬಿಚ್ಚಿ ಕೊಟ್ಬುಟ್ಟೆ.”

ಕೊಕ್ಕರೆಯನ್ನು ಅಲ್ಲೇ ಬಿಟ್ಟು ಎದ್ದು ಹೋದ. ಅವನ ಉಡಿದಾರ ಖಾಲಿಯಿತ್ತು. ನನಗೆ ಅವತ್ತು ಹೋಟೆಲಿನ ಟೀ ಬಾಯಿಗಿಡಲಾಗದಷ್ಟು ಸಿಹಿಯಾಗಿತ್ತು. ಆದರೂ ಕುಡಿದೆ.

ಎರಡು ದಿನ ಕಳೆದ ಮೇಲೆ ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರ್ ನಿಂಗರಾಜು ಸ್ಟೌ ಒಯ್ಯಲು ಬಂದ. ಒಳ್ಳೆಯ ಹುಡುಗ, ನನ್ನ ಅಂಕಣವನ್ನು ಪೂರ್ತಿ ಓದುವ ಮೂವರಲ್ಲಿ ಒಬ್ಬ. ನಾನು ಶಾಸನವನ್ನು ಹೆಮ್ಮೆಯಿಂದ ತೋರಿಸಿದೆ. ಅವನು ಸ್ವಲ್ಪ ಹೊತ್ತು ನೋಡಿ ತಲೆ ಕೆರೆದುಕೊಂಡ.

“ಅಣ್ಣ, ತಪ್ಪು ತಿಳ್ಕೋಬೇಡಿ. ನಮ್ಮ ಆಫೀಸಿಗೆ ಜಪಾನಿಂದ ಮಿಷನ್ ಬಂದವೆ. ಆ ಪೆಟ್ಟಿಗೆಗಳ ಮೇಲೂ ಗಂಗರೇ ಬರೆದಿದ್ದಾರೆ.”

“ಏನಂದೆ?”

“ಇದು ಜಪಾನಿ ಅಕ್ಷರ ಅಣ್ಣ. ನಾಳೆ ಸಂತೆಮರಹಳ್ಳಿ ಗೂಡಿನ ಮಾರ್ಕೆಟ್ಟಿಗೆ ಜಪಾನಿನ ರೇಷ್ಮೆ ತಜ್ಞರೊಬ್ಬರು ಬರ್ತಾರೆ. ತಗೊಂಡು ಬನ್ನಿ, ಕೇಳಿಬಿಡೋಣ.”

ಮರುದಿನ ಕೊಕ್ಕರೆಯನ್ನು ಅದೇ ಟವಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಮಾರುಕಟ್ಟೆಯಲ್ಲಿ ಗೂಡಿನ ರಾಶಿಗಳ ನಡುವೆ ಆ ಜಪಾನಿನವರು ಕುಕ್ಕರುಗಾಲಿನಲ್ಲಿ ಕೂತು, ಒಂದೊಂದೇ ಗೂಡು ಎತ್ತಿ ಕಿವಿಯ ಹತ್ತಿರ ಅಲುಗಿಸುತ್ತಿದ್ದರು. ತಲೆ ನರೆತ, ಸಣ್ಣ ಆಳಿನ ಮನುಷ್ಯ. ನಾನು ಟವಲು ಬಿಚ್ಚಿದೆ. ಅವರು ಗೂಡು ಕೆಳಗಿಟ್ಟು ಎದ್ದು ನಿಂತರು, ಎರಡೂ ಕೈಯಲ್ಲಿ ಕೊಕ್ಕರೆ ತೆಗೆದುಕೊಂಡರು, ಕೆಳಗಿನ ಅಕ್ಷರ ಓದಿದರು. ಮುಖದಲ್ಲಿ ನಗು ಬಂತು. ಆಮೇಲೆ ಮೈ ನೋಡಿದರು, ನಗು ಹೋಯಿತು. ನಿಂಗರಾಜುವಿಗೆ ಇಂಗ್ಲಿಷಿನಲ್ಲಿ ಏನೋ ಕೇಳಿದರು.

“ಏನಂತೆ?” ಎಂದೆ.

“ಇದರ ಕಪ್ಪು ಎಲ್ಲಿ ಅಂತ ಕೇಳ್ತಾ ಇದಾರೆ.”

“ಕೊಳೆ ಇತ್ತು, ನಾನೇ ತೆಗೆಸಿದೆ ಅನ್ನು.”

ನಿಂಗರಾಜು ಅದನ್ನು ಹೇಳಬೇಕೋ ಬೇಡವೋ ಎಂದು ಒಂದು ಗಳಿಗೆ ನೋಡಿ, ಹೇಳಿದ. ಆ ಮನುಷ್ಯ ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಮನೆಯಲ್ಲಿ ಸಾವಾದವರನ್ನು ನೋಡುವ ಹಾಗಿತ್ತು. ಆಮೇಲೆ ನಿಧಾನವಾಗಿ ವಿವರಿಸಿದರು, ನಿಂಗರಾಜು ಕನ್ನಡದಲ್ಲಿ ಹೇಳುತ್ತ ಹೋದ. ಅವರ ದೇಶದಲ್ಲಿ ಕೊಕ್ಕರೆ ಮತ್ತು ಆಮೆ ದೀರ್ಘಾಯುಸ್ಸಿನ ಗುರುತು. ಬುದ್ಧನ ಮುಂದೆ, ಮನೆಯ ಹಜಾರದಲ್ಲಿ ಇಂಥ ದೀಪ ಇಡುತ್ತಾರೆ. ಇದು ನೂರು ವರ್ಷದ ಹಿಂದಿನದು, ಕೆಳಗಿರುವುದು ಎರಕ ಹೊಯ್ದವನ ಹೆಸರು. ಕಂಚು ಎರಕ ಹೊಯ್ಯಲು ಕೆಲವು ದಿನ ಸಾಕು. ಆ ಕಪ್ಪು ಬರಿಸಲು ಹುಲ್ಲಿನ ಹೊಗೆ, ಕಬ್ಬಿಣ ನೆನೆಸಿದ ಹುಳಿನೀರು, ಮತ್ತೆ ಹೊಗೆ, ಮತ್ತೆ ಹುಳಿ ಎಂದು ತಿಂಗಳುಗಟ್ಟಲೆ ಕೂರುತ್ತಾರೆ. ಕಪ್ಪು ಕೊಳೆಯಲ್ಲ, ಕಪ್ಪೇ ಕೆಲಸ.

ಅವರು ಹುಳಿ ಹಚ್ಚಿ ಬರಿಸಿದ್ದನ್ನು ನಾನು ಹುಳಿ ಹಚ್ಚಿಯೇ ತೆಗೆಸಿದ್ದೆ. ಜಪಾನಿನವರು ಹೋಗುವಾಗ ಕೊಕ್ಕರೆಗೆ ಬಗ್ಗಿ ನಮಸ್ಕಾರ ಮಾಡಿದರು. ನನಗೆ ಮಾಡಲಿಲ್ಲ.

ದೇವಸ್ಥಾನದ್ದಲ್ಲ ಎಂದು ಖಚಿತವಾಯಿತು. ಗಂಗರು ಬಚಾವಾದರು. ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಮನಸ್ಸು ಸುಲಭದ ದಾರಿ ಹುಡುಕುತ್ತಿತ್ತು: ‘ತಿದ್ದುಪಡಿ’ ಎಂದು ಮೂಲೆಯಲ್ಲಿ ಎರಡು ಸಾಲು ಹಾಕಿದರೆ ಮುಗಿಯಿತಲ್ಲ? ಆದರೆ ಬೀದಿಯವರು ಏನನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ದೇವರದಲ್ಲದಿದ್ದರೆ ದೊರೆಯದು, ಕೊಟ್ಟರು ಅನ್ನುವುದಕ್ಕೆ ಏನು ಸಾಕ್ಷಿ? ಸಾಕ್ಷಿ ಒಂದು ಇತ್ತು. ಅದನ್ನು ತೆಂಗಿನ ನಾರಿನಲ್ಲಿ ಉಜ್ಜಿ ಛತ್ರದ ಚರಂಡಿಗೆ ಬಿಡಿಸಿದ್ದು ನಾನು. ವಾರವಾರ ಬರೆಯುತ್ತಿದ್ದೆನಲ್ಲ, ಅದೇ ಚರಂಡಿ.

ಪುಟ್ಟಮಾದಮ್ಮನ ಹತ್ತಿರ ಹೋದೆ. ಅವಳಿಗೆ ಸುದ್ದಿ ಆಗಲೇ ಗೊತ್ತಾಗಿತ್ತು.

“ಬಾ ಬಾ. ದೇವ್ರು ಅಂದು ಉಜ್ಜಿಸ್ದೆ, ಈಗ ಜಪಾನು ಅಂತೀಯಂತೆ. ನಾಳೆ ನನ್ನ ಕೈಲಿರೋ ಸೌಟೂ ಗಂಗ್ರುದು ಅಂತೀಯ.”

“ಪುಟ್ಟಮಾದಮ್ಮ, ಆ ಚೀಟಿ—”

“ಚೀಟಿ ಇತ್ತು ಅಂತ ನಾ ಎಲ್ಲಿ ಬೇಕಾದ್ರೂ ಬಂದು ಏಳ್ತೀನಿ. ನಿಂಗೆ ಓದಕ್ಕೆ ಬರಲ್ಲ ಅಂತ ಅವತ್ತೇ ಗೊತ್ತಾಯ್ತು. ಚೀಟಿ ತಲೆಕೆಳಗಾಗಿ ಇಡ್ಕಂಡಿದ್ದೆ.”

“ತಲೆಕೆಳಗಾಗಿ ಅಂತ ನಿಂಗೆ ಹೆಂಗೆ ಗೊತ್ತು?”

“ಬರಹದ ಕೆಳಗೆ ಒಂದು ಚಿತ್ರ ಇತ್ತು. ನೀ ಇಡ್ಕಂಡಾಗ ಅದು ಮ್ಯಾಲಿತ್ತು. ನನ್ನ ಮಾತು ಬುಡು. ನೀ ಏಳ್ತೀಯ ಇಲ್ವ, ಅದೇಳು.”

ಭಾನುವಾರ ನಾನು, ಪುಟ್ಟಮಾದಮ್ಮ, ನಿಂಗರಾಜು ಮೂವರೂ ಭೀಮನಬೀಡಿಗೆ ಹೋದೆವು. ರಾಚಯ್ಯ ಬೀದಿಯವರನ್ನು ಚಾವಡಿಯಲ್ಲಿ ಕೂರಿಸಿದ. ಬೀಗದ ಕೈ ಅವನ ಮುಂದೆ ಒಂದು ತಟ್ಟೆಯಲ್ಲಿತ್ತು. ಗುರುಮಲ್ಲಯ್ಯ ಕೊನೆಯ ಕಂಬಕ್ಕೆ ಒರಗಿ, ತನಗೆ ಸಂಬಂಧವಿಲ್ಲದವನಂತೆ ಬೀಡಿ ಸೇದುತ್ತಿದ್ದ. ನಿಂಗರಾಜು ಜಪಾನಿನವರ ಮಾತನ್ನೆಲ್ಲ ಹೇಳಿದ. ಎಲ್ಲರೂ ತಲೆಯಾಡಿಸಿದರು. ನಾನು ಹೆದರಿದ್ದ ಪ್ರಶ್ನೆ ಕುಮಾರಿಯ ಗಂಡನ ಬಾಯಿಂದಲೇ ಬಂತು:

“ದೇವ್ರುದಲ್ಲ, ಸರಿ. ಬಂಗ್ಲೆಯಿಂದ ಎತ್ಕಂಡ್ ಬಂದುದ್ದಲ್ಲ ಅನ್ನಕ್ಕೆ ಏನ್ ಗ್ಯಾರಂಟಿ? ಪೇಪರ್ನೋರು ಸುಮ್ಸುಮ್ನೆ ಬರೀತಾರಾ?”

“ಬರೀತಾರೆ” ಎಂದೆ. ಎದ್ದು ನಿಂತೆ. ಅಂಕಣದಲ್ಲಿ ನನ್ನ ವಾಕ್ಯಗಳು ಉದ್ದುದ್ದ ಇರುತ್ತವೆ. ಅವತ್ತು ಬಾಯಿಗೆ ಬಂದದ್ದೆಲ್ಲ ತುಂಡು. “ಅದರ ಕೆಳಗೆ ಒಂದು ಚೀಟಿ ಇತ್ತು. ಇಂಗ್ಲಿಷ್ ಚೀಟಿ. ನಾನು ಉಜ್ಜಿ ತೆಗೆಸಿದೆ. ತಾತ ಬಂದು ಕೇಳಿದಾಗ ಯಾವ ಚೀಟಿ ಅಂದೆ.”

ರಾಚಯ್ಯ ಕೇಳಿದ: “ಏನ್ ಬರ್ದಿತ್ತು ಅದ್ರಲ್ಲಿ?”

“ಗೊತ್ತಿಲ್ಲ.”

“ಓದ್ಲಿಲ್ವ?”

“ನಂಗೆ ಇಂಗ್ಲಿಷ್ ಓದಕ್ಕೆ ಬರಲ್ಲ.”

ಯಾರೋ ಹಿಂದಿನಿಂದ, “ಮತ್ತೆ ಅಂಗ್ಡೀಲಿ ದಿನಾ ಇಂಗ್ಲಿಷ್ ಪೇಪರ್ ಇಡ್ಕಂಡು ಏನ್ ಮಾಡ್ತಾ ಇದ್ದೆ, ನೊಣ ಹೊಡೀತಾ ಇದ್ದಾ?” ಅಂದರು. ಬೀದಿಗೆ ಬೀದಿಯೇ ನಕ್ಕಿತು. ನಗು ನಿಲ್ಲುವವರೆಗೂ ನಿಂತೇ ಇದ್ದೆ. ಅಂಥ ನಗುವಿನಲ್ಲಿ ಕೂರಲು ಜಾಗ ಸಿಗುವುದಿಲ್ಲ.

ಪುಟ್ಟಮಾದಮ್ಮ ಸೆರಗು ಬಿಗಿದುಕೊಂಡು ಮುಂದೆ ಬಂದಳು. “ಉಜ್ಜಿದವಳು ನಾನು. ಅಕ್ಸರ ನಂಗೂ ಗೊತ್ತಿಲ್ಲ. ಆದ್ರೆ ಬರಹದ ಕೆಳಗೆ ಒಂದು ಬೀಗದ ಕೈ ಚಿತ್ರ ಬರ್ದಿದ್ರು, ಪುಟ್ದಾಗಿ, ನೀಲಿ ಇಂಕಲ್ಲಿ. ಬೀಗದ ಕೈ ಕನಣ್ಣ, ತಲೆಮೇಲೆ ಗುಂಡ್ಗಿರೋ ಅಂಥದ್ದು.”

ನಾನೂ ಅದನ್ನು ಕಂಡಿದ್ದೆ. ಅಂಗಡಿಯ ಗುರುತು ಅಂದುಕೊಂಡಿದ್ದೆ.

ರಾಚಯ್ಯ ಕಂಬದ ಕಡೆ ತಿರುಗಿದ. “ಗುರುಮಲ್ಲಣ್ಣ, ಏನಿತ್ತು ಚೀಟೀಲಿ, ನಿಂಗೊತ್ತಾ?”

ಗುರುಮಲ್ಲಯ್ಯ ಬೀಡಿ ಆರಿಸಿದ. ಎದ್ದು ನಿಂತು, ಬಂಗಲೆಯ ಬಾಗಿಲಲ್ಲಿ ನಿಲ್ಲುವವನಂತೆ ಕೈ ಎರಡೂ ಪಕ್ಕಕ್ಕೆ ಇಳಿಬಿಟ್ಟು, ಶಾಲೆಯ ಹುಡುಗನ ಪದ್ಯದಂತೆ ಒಂದೇ ಉಸಿರಿಗೆ ಹೇಳಿದ: “ಟು ಗುರುಮಲ್ಲ, ಹೂ ಕೆಪ್ಟ್ ದಿ ಕೀಸ್.” ಆಮೇಲೆ, “ಇದರ ಅರ್ತ ನಂಗೂ ಪೂರ್ತಿ ಗೊತ್ತಿಲ್ಲ. ದೊರೆಸಾನಿ ಓದಿ ಏಳುದ್ರು, ಅಂಗೇ ಇಟ್ಕಂಡೆ” ಅಂದ.

ಎಲ್ಲರೂ ನಿಂಗರಾಜುವಿನ ಮುಖ ನೋಡಿದರು. ಅವನು ಎದ್ದು ನಿಂತು ಹೇಳಿದ. “‘ಬೀಗದ ಕೈಗಳನ್ನು ಕಾಪಾಡಿದ ಗುರುಮಲ್ಲನಿಗೆ’ ಅಂತ.”

ರಾಚಯ್ಯ ತಟ್ಟೆ ಎತ್ತಿಕೊಂಡು ಕಂಬದ ಹತ್ತಿರ ಬಂದ. ಗುರುಮಲ್ಲಯ್ಯ ಮುಟ್ಟಲಿಲ್ಲ.

“ಈಗ ಬ್ಯಾಡ. ಇವನು ಬರ್ದದ್ದ ಇಡೀ ತಾಲೂಕು ಓದ್ಬುಟ್ಟದೆ, ಇಲ್ಲಿ ಏಳುದ್ದ ನೀವು ಐವತ್ತು ಜನ ಕೇಳಿದ್ದೀರ. ಅದೇ ಪೇಪರ್ನಲ್ಲಿ, ಅದೇ ಜಾಗದಲ್ಲಿ, ಅಷ್ಟೇ ದಪ್ಪ ಅಕ್ಸರದಲ್ಲಿ ಬರೀಲಿ. ಇಂಗ್ಲಿಷ್ ಬರಲ್ಲ ಅನ್ನೋದೂ ಬರೀಲಿ. ತಂದು ಇಲ್ಲೇ ನಿಂತ್ಕಂಡು ಓದ್ಲಿ. ಆಮೇಲೆ ತಕ್ಕತೀನಿ.”

ನಾಗಯ್ಯ ಒಪ್ಪದೆ ಹಟ ಮಾಡಿದ. “ಪತ್ರಿಕೆ ಮರ್ವಾದೆ ಏನಾಗ್ಬೇಕ್ಲಾ?” ಅಂದ. ಪತ್ರಿಕೆಯ ಮರ್ಯಾದೆಯನ್ನು ಒಂದು ಕೊಪ್ಪರಿಗೆಯಲ್ಲಿ ಹಾಕಿ ಬೇಯಿಸಿದರೂ ಒಬ್ಬನ ಊಟಕ್ಕೆ ಸಾಲುವುದಿಲ್ಲ ಎಂದೆ. ಕೊನೆಗೆ ಅಚ್ಚುಮೊಳೆಗಳನ್ನು ನಾನೇ ಜೋಡಿಸಿದೆ. ‘ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ’ ಎಂಬ ಸಾಲನ್ನು ಜೋಡಿಸುವಾಗ ಮೂರು ಸಲ ತಪ್ಪಾಯಿತು.

ಮುಂದಿನ ಭಾನುವಾರ ಚಾವಡಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದೆ. ಗುರುಮಲ್ಲಯ್ಯ ಕಣ್ಣು ಮುಚ್ಚಿಕೊಂಡು ಕೇಳಿದ. ಮುಗಿದ ಮೇಲೆ ಬೀಗದ ಕೈ ತೆಗೆದುಕೊಂಡು, ಎಲ್ಲರ ಎದುರಿಗೇ ಉಡಿದಾರಕ್ಕೆ ಕಟ್ಟಿ ಎರಡು ಗಂಟು ಹಾಕಿದ. ಅಲ್ಲಿಂದ ಸೀದಾ ಪಾತ್ರೆ ಕೋಣೆಗೆ ನಡೆದ. ನಾನೂ ಕೊಕ್ಕರೆ ಹಿಡಿದುಕೊಂಡು ಹಿಂದೆ ಹೋದೆ.

“ತಾತ, ಇದನ್ನ ಮೊದಲಿನ ಹಾಗೆ ಮಾಡೋಕೆ—”

“ಆಗಲ್ಲ” ಅಂದ. ಕೊಕ್ಕರೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹೊಸ್ತಿಲ ಮೇಲೆ ಇಟ್ಟ. “ಜೊತೆ ಇತ್ತು ಕನ್ಲಾ ಇದು. ಎರಡು ಕೊಕ್ರೆ, ಆ ಕಡೆಗೊಂದು ಈ ಕಡೆಗೊಂದು. ನಾ ಬಂಗ್ಲೆ ಸೇರಿದ ಮೊದಲ್ನೇ ವಾರ, ಏನು ಇಷ್ಟು ಕೊಳೆ ಇಟ್ಟವ್ರಲ್ಲ ಬಿಳಿ ಜನ ಅಂತ ಒಂದನ್ನ ಹುಣಸೆಹಣ್ಣು ಆಕಿ ಉಜ್ಬುಟ್ಟೆ. ಫಳಫಳ ಅಂತಿತ್ತು. ಭಕ್ಸೀಸು ಕೊಡ್ತಾರೆ ಅಂತ ಕಾಯ್ತಾ ನಿಂತಿದ್ದೆ. ಕೆಟ್ಟೋಯ್ತು, ಯಾರು ಮಾಡಿದ್ದು ಅಂದ್ರು, ನಾನೇ ಅಂದೆ. ದೊರೆ, ಇವನ್ನ ಓಡ್ಸಿ ಅಂದ. ದೊರೆಸಾನಿ ವಸಿ ಹೊತ್ತು ಅತ್ರು, ಆಮೇಲೆ, ಮಾಡಿದ್ದು ನಾನೇ ಅಂತ ಇವನೇ ಬಂದು ಏಳವ್ನೆ, ಇರ್ಲಿ ಅಂದ್ರು. ಬೀಗದ ಕೈ ಅವತ್ತೇ ಕೊಟ್ರು. ಓಗೋವಾಗ ನಾ ಕೆಡಿಸಿದ್ದ ಅವರು ತಕ್ಕಂಡು ಓದ್ರು, ಕೆಡದೇ ಇದ್ದುದ್ದ ನಂಗೆ ಕೊಟ್ರು.”

ನಾನು ಹೊಸ್ತಿಲ ಮೇಲಿದ್ದ ಕೊಕ್ಕರೆಯನ್ನು ನೋಡಿದೆ.

“ನಾ ಆಗ ಮೀಸೆ ಬರದೇ ಇರೋ ಹೈದ” ಎಂದು ಮುಂದುವರಿಸಿದ. “ನೀ ನಲ್ವತ್ತೈದು ವರ್ಸದ ಪೇಪರ್ನೋನು. ವ್ಯತ್ಯಾಸ ಅಷ್ಟೇಯ.”

ಬಾಗಿಲು ತೆಗೆದು ಒಳಗೆ ಹೋದ. ಏನೋ ಭಾರದ್ದನ್ನು ಎಳೆಯುವ ಸದ್ದಾಯಿತು. ಅವನು ಗೂಡಲೂರಿನಿಂದ ತಂದಿದ್ದ ತಾಮ್ರದ ಕೊಪ್ಪರಿಗೆ ಹೊರಗೆ ಬಂತು. ಹದಿನೈದು ದಿನ ಬೀಗದ ಕೈ ಬೇರೆಯವರ ಹತ್ತಿರ ಇದ್ದಾಗ ಯಾರೋ ಮದುವೆಗೆ ಒಯ್ದು, ತಳದಲ್ಲಿ ಹುಳಿಯನ್ನದ ಕರಕು ಬಿಟ್ಟು ಹಾಗೇ ವಾಪಸ್ ಇಟ್ಟಿದ್ದರು. ಅದರ ಒಳಗೆ ನಾನು ಕಾಲು ಮಡಚಿ ಕೂರಬಹುದಾಗಿತ್ತು.

ಗುರುಮಲ್ಲಯ್ಯ ಒಂದು ಉಂಡೆ ಹುಣಸೆಹಣ್ಣು ನನ್ನ ಅಂಗೈಯಲ್ಲಿ ಇಟ್ಟ. ತಾನು ಹೊಸ್ತಿಲ ಮೇಲೆ, ಕೊಕ್ಕರೆಯ ಪಕ್ಕದಲ್ಲಿ ಕೂತು ಬೀಡಿ ಹಚ್ಚಿದ.

“ಇದನ್ನ ಉಜ್ಜಬೌದು” ಅಂದ. “ಉಜ್ಜು. ನಿನ್ನ ಮೊಕ ಕಾಣೋಗಂಟ.”